ಬಲಕ್ಕೆ ಬೀಳುವ ಚೆಂಡು

ನನ್ನ ಗುಬ್ಬಿಗೆ,

ಒಂದೇ ಊರಿನಲ್ಲಿದ್ದುಕೊಂಡು ಕಾಗದ ಬರೆಯುವ ಹುಚ್ಚು ಈ ಅಕ್ಕನಿಗೆ ಯಾಕೆ ಹಿಡಿಯಿತು ಎಂದು ನೀನು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ, ಯಾರೋ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ ಎಂಬಂತೆ ಮಾತಾಡುತ್ತೇವೆ. ಮಕ್ಕಳ ಪರೀಕ್ಷೆ ಹೇಗಾಯಿತು, ಅಲ್ಲಿ ನೀರು ಸರಿಯಾಗಿ ಬರುತ್ತಾ, ಅಷ್ಟಕ್ಕೆ ಮುಗಿಯಿತು. ಫೋನ್ ಇಡುವ ಮೊದಲು ಹೇಳಬೇಕೆಂದು ನುಂಗಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಗಿರಾಕಿಗಳಿಲ್ಲ. ನಿನ್ನ ಭಾವ ಒಳಗೆ ಯಾರದೋ ಕನ್ನಡಕದ ಗಾಜು ಅರೆಯುತ್ತಿದ್ದಾರೆ. ಆ ಯಂತ್ರದ ಸದ್ದು ನಿಲ್ಲುವವರೆಗೆ ನನಗೆ ಪುರುಸೊತ್ತಿದೆ.

ಮೊದಲು ಒಂದು ನಿಜ ಹೇಳಿಬಿಡುತ್ತೇನೆ. ನೀನು ಈ ಮನೆಗೆ ಕಿರಿ ಸೊಸೆಯಾಗಿ ಬಂದಾಗ ನಿನ್ನನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ. ಕಣ್ಣು ಪರೀಕ್ಷೆ ಮಾಡುವುದನ್ನು ಕಾಲೇಜಿನಲ್ಲಿ ಕಲಿತು ಬಂದವಳು ನೀನು. ನಾನೋ, ಕೌಂಟರಿನ ಹಿಂದೆ ಕೂತು ಫ್ರೇಮು ಒರೆಸಿ ಬಿಲ್ಲು ಬರೆಯುವವಳು. ಎರಡು ಜುಟ್ಟು ಸೇರಿದರೂ ಎರಡು ಜಡೆ ಸೇರುವುದಿಲ್ಲ ಎಂಬ ಗಾದೆಯನ್ನು ಯಾರೋ ನಮ್ಮ ಮನೆಯ ಬಾಗಿಲಲ್ಲಿ ನಿಂತೇ ಕಟ್ಟಿರಬೇಕು ಎಂದುಕೊಂಡಿದ್ದೆ. ಆಮೇಲೆ ಒಂದು ದಿನ ಅಟ್ಟದಿಂದ ಹಳೆಯ ಹಾಸಿಗೆ ಇಳಿಸುವಾಗ, ಅದರ ಜೊತೆ ಎರಡು ಕಪ್ಪು ಚೀಲಗಳು ನಿನ್ನ ತಲೆಯ ಮೇಲೆ ಬಿದ್ದವು. ನೀನು ಅಯ್ಯೋ ಅನ್ನುವ ಬದಲು ಜಿಪ್ಪು ಎಳೆದು ನೋಡಿದೆ. ಒಳಗೆ ಒಂದೊಂದು ಹಳೆಯ ಟೆನಿಸ್ ರ‍್ಯಾಕೆಟ್ಟು.

ಮಾವ ಆಗ ಇನ್ನೂ ಗಟ್ಟಿಯಾಗಿದ್ದರು. ಕನ್ನಡಕ ಹಣೆಗೇರಿಸಿ, ಆ ರ‍್ಯಾಕೆಟ್ಟುಗಳನ್ನು ಎತ್ತಿ ಹಿಡಿದು, "ಇದು ಗ್ರಾಫೈಟ್ ಕಣಮ್ಮಾ, ಸುಮ್ನೆ ಅಲ್ಲ. ಆ ಕಾಲಕ್ಕೆ ಇದೇ ಹೊಸದು. ನನ್ನ ಹುಡುಗರಿಬ್ಬರ ಜಗಳ ತಡೀಲಾರದೆ ತಂದೆ. ಬಾಯಲ್ಲಿ ಆಡ್ಬೇಡಿ, ನೆಟ್ಟಿನ ಆ ಕಡೆ ಒಬ್ಬ ಈ ಕಡೆ ಒಬ್ಬ ನಿಂತು ಆಡ್ಕೊಳ್ಳಿ ಅಂದೆ" ಎಂದಿದ್ದರು. ಅತ್ತೆ ಬಿಡಬೇಕಲ್ಲ. "ಪೆನ್ಸಿಲ್ ಕಡ್ಡೀಲಿ ಇರೋ ಪುಡಿಯಂತೆ ಅದು. ಅದಕ್ಕೇ ಇಬ್ರೂ ಸಂಜೆ ಕೈಯೆಲ್ಲಾ ಕರ‍್ರಗೆ ಮಾಡ್ಕೊಂಡು ಬರ್ತಿದ್ರು" ಎಂದರು. ಕೈ ಕಪ್ಪಾಗುತ್ತಿದ್ದದ್ದು ಹಿಡಿಗೆ ಸುತ್ತಿದ್ದ ಹಳೆಯ ಚರ್ಮದಿಂದ. ಅದು ನಮಗೆ ಮಾರನೆಯ ದಿನವೇ ಗೊತ್ತಾಯಿತು, ಆದರೆ ಅತ್ತೆಗೆ ಹೇಳಿ ಅವರ ವಿಜ್ಞಾನ ಕೆಡಿಸಲಿಲ್ಲ.

ನೀರಿನ ಟ್ಯಾಂಕಿನ ಹಿಂದಿನ ಆ ಕೋರ್ಟು, ಮಧ್ಯದಲ್ಲಿ ಜೋತುಬಿದ್ದ ನೆಟ್ಟು, ಅಂಗಡಿ ತೆರೆಯುವ ಮೊದಲಿನ ತಂಪು ಹೊತ್ತು. ಹೊಸ ತಂತಿ ಹಾಕಿಸಿಕೊಂಡು ಹೋದೆವು. ಎಂಥ ಹಟಮಾರಿ ವಸ್ತುಗಳು ಅವು! ತಲೆ ಸಣ್ಣದು, ಮೈ ಭಾರ. ಚೆಂಡು ನಡುಮಧ್ಯಕ್ಕೆ ತಾಗಿದರೆ ಮಾತ್ರ ಮಾತು ಕೇಳುತ್ತಿದ್ದವು. ಚೂರು ಅತ್ತಿತ್ತ ಆದರೆ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ಅದರಲ್ಲೂ ಒಂದರ ತಲೆಗೆ ನಿನ್ನ ಭಾವ ಚಿಕ್ಕವರಿದ್ದಾಗ, ಹೊಡೆತಕ್ಕೆ ಇನ್ನಷ್ಟು ಭಾರ ಬರಲೆಂದು ಸೀಸದ ಪಟ್ಟಿ ಅಂಟಿಸಿದ್ದರು. ಅದನ್ನು ಬೀಸಿದರೆ ಅದೇ ನಮ್ಮನ್ನು ಎಳೆದುಕೊಂಡು ಹೋಗುತ್ತಿತ್ತು. ಸೋತವಳು ಯಾವಾಗಲೂ ಅದನ್ನೇ ದೂರುವಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀನು ನನ್ನನ್ನು ಆಡಿಕೊಂಡ ಮೇಲೆ ಒಂದು ಕಟ್ಟಳೆ ಮಾಡಿಕೊಂಡೆವು. ಕೋರ್ಟಿನ ಬದಿ ಬದಲಿಸುವಾಗಲೆಲ್ಲ ರ‍್ಯಾಕೆಟ್ಟೂ ಬದಲು. ನೆಟ್ಟಿನ ಕಂಬದ ಹತ್ತಿರ ಎದುರುಬದುರಾಗಿ ಬಂದು, ನಿನ್ನ ಕೈಯ ಬಿಸಿಯಿನ್ನೂ ಆರದ ಹಿಡಿಯನ್ನು ನಾನು ಹಿಡಿಯುತ್ತಿದ್ದೆ.

ಸರ್ವ್ ಎದುರಿಸುವಾಗ ನೀನು ತುದಿಗಾಲಿನಲ್ಲಿ ಪುಟಪುಟ ಹಾರುತ್ತಿದ್ದೆಯಲ್ಲ, ಅದಕ್ಕೇ ಗುಬ್ಬಿ ಎಂದು ಕರೆದದ್ದು. ನಾನು ಗೆರೆಯ ವಿಷಯದಲ್ಲಿ ಮೋಸಗಾತಿ ಎಂದು ನೀನು ಊರೆಲ್ಲ ಸಾರಿದೆ. "ಅಕ್ಕಾ, ದಿನಕ್ಕೆ ಅಷ್ಟು ಜನರ ಕಣ್ಣು ನೋಡ್ತೀನಿ, ನಿಮ್ಮಂಥಾ ಕಣ್ಣು ನೋಡಿಲ್ಲ. ಬೇಕಾದ ಚೆಂಡು ಒಳಗೆ ಕಾಣುತ್ತೆ, ಬೇಡದ್ದು ಹೊರಗೆ!" ಎಂದು ಬೆವರು ಒರೆಸಿಕೊಳ್ಳುತ್ತಾ ನಗುತ್ತಿದ್ದೆ. ನನಗೆ ಒಡಹುಟ್ಟಿದ ತಂಗಿಯಿಲ್ಲ, ಗುಬ್ಬಿ. ಇದ್ದಿದ್ದರೂ ಅವಳ ಮೇಲೆ ಇಷ್ಟು ಮೋಹ ಇರುತ್ತಿತ್ತೋ ಇಲ್ಲವೋ.

ಮಾವ ಹೋದ ಮೇಲೆ ಆದದ್ದನ್ನು ಬರೆಯಲು ಕೈ ಬರುವುದಿಲ್ಲ. ನಿನ್ನ ಗಂಡನಿಗೆ ಅಪ್ಪ ಕಣ್ಣು ಪರೀಕ್ಷಿಸುತ್ತಿದ್ದ ಕೋಣೆಯಲ್ಲಿ ಹೊಸ ಕಂಪ್ಯೂಟರ್ ಯಂತ್ರ ಬೇಕಾಗಿತ್ತು. ನನ್ನ ಗಂಡನಿಗೆ ಅಪ್ಪನ ಮರದ ಲೆನ್ಸ್ ಪೆಟ್ಟಿಗೆ ಇದ್ದಲ್ಲೇ ಇರಬೇಕಾಗಿತ್ತು. ಅಷ್ಟೇ ವಿಷಯ. ಅದಕ್ಕೆ ತಮ್ಮನಿಂದ "ಅಂಗಡಿ ನಿನ್ನೊಬ್ಬನದಾ?" ಎಂಬ ಮಾತು ಬಂತು, ಅಣ್ಣನಿಂದ "ಹಾಗಾದ್ರೆ ನಿನ್ನದು ಬೇರೆ ಇಟ್ಕೋ" ಎಂಬ ಮಾತೂ ಬಂತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ಪಾಲು ಮಾಡಲು ಬಂದ ಸೋದರಮಾವ ಕಪಾಟು, ಕನ್ನಡಿ, ಕುರ್ಚಿ ಎಲ್ಲದಕ್ಕೂ ತಲೆ ಕೆರೆದುಕೊಂಡು, ಕೊನೆಗೆ ಗೋಡೆಗೆ ಒರಗಿದ್ದ ರ‍್ಯಾಕೆಟ್ಟುಗಳನ್ನು ನೋಡಿ ಎಷ್ಟು ಖುಷಿಪಟ್ಟರು! "ಇವು ಎರಡಿವೆ. ಆಳಿಗೊಂದು. ತಕರಾರೇ ಇಲ್ಲ" ಎಂದರು. ಒಂದು ಜೊತೆ ಚಪ್ಪಲಿಯನ್ನು ಇಬ್ಬರಿಗೆ ಹಂಚಿದ ಹಾಗೆ ಹಂಚಿದರು. ನಾವಿಬ್ಬರೂ ಬಾಗಿಲ ಹತ್ತಿರ ನಿಂತಿದ್ದೆವು. ಸೀಸದ ಪಟ್ಟಿಯದು ನನಗೆ ಬಂತು.

ನೀವು ಊರಿನ ಆ ತುದಿಗೆ ಹೋದ ಮೇಲೆ ನಾನು ಟ್ಯಾಂಕಿನ ಗೋಡೆಗೆ ಚೆಂಡು ಹೊಡೆಯುತ್ತೇನೆ. ಗೋಡೆ ಒಳ್ಳೆಯ ಆಟಗಾರ, ಎಲ್ಲವನ್ನೂ ಹಿಂದಿರುಗಿಸುತ್ತದೆ. ಆದರೆ ನನ್ನ ಮೇಲೆ ಮೋಸದ ಆರೋಪ ಹೊರಿಸುವುದಿಲ್ಲ, ಅದಕ್ಕೇ ಬೇಗ ಬೇಸರ ಬರುತ್ತದೆ. ಎದುರು ಮನೆಯ ಬ್ಯಾಂಕಿನವಳು ಕೆಲವು ದಿನ ಬಂದಳು. ಅವಳ ಹೊಸ ರ‍್ಯಾಕೆಟ್ಟು ಹಪ್ಪಳದಷ್ಟು ಹಗುರ, ಎಲ್ಲಿ ತಾಗಿದರೂ ಚೆಂಡು ಹೋಗುತ್ತದೆ, ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಬದಿ ಬದಲಿಸುವಾಗ ಅಭ್ಯಾಸಬಲದಿಂದ ನನ್ನದನ್ನು ಅವಳತ್ತ ಚಾಚಿದೆ. "ಯಾಕ್ರೀ, ಹಿಡ್ಕೋಬೇಕಾ?" ಎಂದಳು, ಪಾಪ. ಏನೆಂದು ಹೇಳಲಿ?

ಅತ್ತೆಯ ತಂಗಿಯನ್ನು ನೋಡಲು ಆಸ್ಪತ್ರೆಗೆ ಬಂದಿದ್ದೆಯಲ್ಲ, ಆಗ ಕಾರಿಡಾರಿನ ಬೆಂಚಿನಲ್ಲಿ ನೀನು ನನಗೆ ನೀರಿನ ಬಾಟಲಿ ಕೊಟ್ಟೆ. ನಿನ್ನ ಅಂಗೈ ಕಂಡಿತು. ಬೆರಳ ಬುಡದಲ್ಲಿ ಗಟ್ಟಿಯಾಗಿದ್ದ ಆ ಚರ್ಮ ಮಾಯವಾಗಿ ಮೆತ್ತಗಾಗಿತ್ತು. ನೀನು ಆಡುವುದನ್ನೇ ಬಿಟ್ಟಿದ್ದೀಯ ಎಂದು ಗೊತ್ತಾಯಿತು. ಗಂಡಂದಿರು ಕಾರಿಡಾರಿನ ಎರಡು ತುದಿಗಳಲ್ಲಿ ನಿಂತು ಎರಡು ಕಿಟಕಿಗಳಿಂದ ಒಂದೇ ರಸ್ತೆಯನ್ನು ನೋಡುತ್ತಿದ್ದರು. ನನಗೆ ಅಳು ಒತ್ತಿ ಬಂತು. ನೀರು ನೆತ್ತಿಗೇರಿತು ಎಂದು ಸುಳ್ಳು ಹೇಳಿದೆ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಭಾನುವಾರ ನಾನು ಗೋಡೆಗೆ ಹೊಡೆಯುತ್ತಿದ್ದಾಗ ನಿನ್ನ ಭಾವ ವಾಕಿಂಗ್ ಎಂದು ಹೇಳಿಕೊಂಡು ಅಲ್ಲಿಗೆ ಬಂದರು. ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ, "ಅದನ್ನ ಇಲ್ಲಿ ಕೊಡು" ಎಂದರು. ಬ್ಯಾಂಕಿನವಳು ಬಿಟ್ಟುಹೋಗಿದ್ದ ಹಗುರದ್ದನ್ನು ನಾನು ತೆಗೆದುಕೊಂಡು, ನೆಟ್ಟಿನ ಈ ಕಡೆ ನಿಂತೆ. ಹೊಟ್ಟೆ ಬಂದಿದೆ, ಉಸಿರು ಸಾಲದು, ಆದರೆ ಆ ಭಾರದ ರ‍್ಯಾಕೆಟ್ಟು ಅವರ ಕೈಯಲ್ಲಿ ಏನು ಚೆನ್ನಾಗಿ ತಿರುಗಿತು ಅಂತೀಯ! ಮೊದಲನೆಯ ಚೆಂಡು ನನ್ನ ಬಲಕ್ಕೆ ಬಂತು, ಆರಾಮವಾಗಿ ಹೊಡೆದೆ. ಎರಡನೆಯದೂ ಬಲಕ್ಕೆ. ಆಮೇಲಿನದೂ ಬಲಕ್ಕೆ. ಮದುವೆಯಾದಾಗಿನಿಂದ ಈ ಮನುಷ್ಯ ನನಗೆ ಇಷ್ಟು ಅನುಕೂಲ ಮಾಡಿಕೊಟ್ಟದ್ದೇ ಇಲ್ಲವಲ್ಲ ಎಂದು ನಗು ಬಂತು. ಪರೀಕ್ಷಿಸೋಣವೆಂದು ಬಲಕ್ಕೇ ಸರಿದು ನಿಂತು, ಎಡಭಾಗವನ್ನೆಲ್ಲ ಅಂಗಳದ ಹಾಗೆ ಖಾಲಿ ಬಿಟ್ಟೆ. ಊಹೂಂ. ಆಗಲೂ ಬಲಕ್ಕೇ ಹೊಡೆದರು.

"ಏನ್ರೀ, ಎಲ್ಲಾ ಒಂದೇ ಕಡೆಗೆ ಹೊಡೀತೀರಾ?" ಎಂದು ಕೂಗಿದೆ.

ಅವರು ಏದುಸಿರು ಬಿಡುತ್ತಾ, ಚೆಂಡಿನ ಮೇಲೇ ಕಣ್ಣಿಟ್ಟುಕೊಂಡು, "ಅವನಿಗೆ ಆ ಕಡೆ ಆಗಲ್ಲ" ಎಂದರು.

ಬಾಯಿಂದ ಬಿದ್ದ ಮಾತು ಅವರ ಕಿವಿಗೇ ಆಮೇಲೆ ಕೇಳಿಸಿರಬೇಕು. ಹಾಗೇ ನಿಂತುಬಿಟ್ಟರು. ನಿನ್ನ ಗಂಡ ಎಡಗೈ ಆಟಗಾರ. ನಮಗೆ ಬಲಭಾಗ ಎಷ್ಟು ಸಲೀಸೋ ಅವನಿಗೆ ಅಷ್ಟೇ ಕಷ್ಟ, ಅದು ಅವನು ಕೈಯನ್ನು ಮೈಗೆ ಅಡ್ಡ ತಂದು ಹೊಡೆಯಬೇಕಾದ ಬ್ಯಾಕ್‌ಹ್ಯಾಂಡ್. ಚಿಕ್ಕಂದಿನಲ್ಲಿ ಕಲಿತ ಆಟ ಅವರ ತೋಳಿನಲ್ಲಿ ಹಾಗೆಯೇ ಕೂತಿದೆ. ನೆಟ್ಟಿನ ಈ ಕಡೆ ನಿಂತವಳು ಹೆಂಡತಿ ಎಂಬುದನ್ನು ಅವರ ಕಣ್ಣು ನೋಡಿತು, ಕೈ ಮಾತ್ರ ತಮ್ಮನ ಜೊತೆಗೇ ಆಡುತ್ತಿತ್ತು. ನಾನು ಏನೂ ಕೇಳಿಸದವಳ ಹಾಗೆ ಬಗ್ಗಿ ಲೇಸು ಕಟ್ಟಿಕೊಂಡೆ. ಅವರು ಬೇಲಿಯ ಹತ್ತಿರ ಹೋಗಿ, ಅಲ್ಲಿ ಇಲ್ಲದ ಚೆಂಡನ್ನು ಬಹಳ ಹೊತ್ತು ಹುಡುಕಿದರು.

ಅವತ್ತಿನಿಂದ ದಿನವೂ ಬರುತ್ತಾರೆ. ತಮ್ಮನ ಹೆಸರೆತ್ತುವುದಿಲ್ಲ. ದಿನವೂ ಬಲಕ್ಕೇ ಹೊಡೆಯುತ್ತಾರೆ. ಈ ಮನುಷ್ಯ ಮರೆತಿದ್ದಾರೆ, ಕಲ್ಲಾಗಿದ್ದಾರೆ ಎಂದುಕೊಂಡು ನಾನು ಒಳಗೊಳಗೇ ಎಷ್ಟು ಸಿಟ್ಟು ಕಟ್ಟಿಕೊಂಡಿದ್ದೆ!

ಗುಬ್ಬಿ, ಈ ಕಾಗದಕ್ಕೆ ಕೂತಾಗ ನಿನ್ನನ್ನು ಕರೆಯಬೇಕೆಂದೇ ಇತ್ತು. ಯಾರು ಏನಾದರೂ ಅಂದುಕೊಳ್ಳಲಿ, ಬೆಳಿಗ್ಗೆ ಬಾ, ಒಂದು ಸೆಟ್ ಆಡೋಣ ಎಂದು. ಅಷ್ಟು ಆಸೆಯಾಗಿದೆ ನನಗೆ. ರಾತ್ರಿ ಕಣ್ಣು ಮುಚ್ಚಿದರೆ ನಿನ್ನ ಸರ್ವ್ ಬರುತ್ತದೆ. ಆದರೆ ಇಲ್ಲಿಯವರೆಗೆ ಬರೆದ ಮೇಲೆ ಮನಸ್ಸು ಬೇರೆ ಹೇಳುತ್ತಿದೆ. ಇರುವುದು ಎರಡೇ ಗ್ರಾಫೈಟ್ ರ‍್ಯಾಕೆಟ್ಟು. ನಾವಾಡಿದರೆ ಅವರಿಬ್ಬರೂ ಮತ್ತೆ ಎರಡು ಕಿಟಕಿಗಳಿಗೆ ಹೋಗಿ ನಿಲ್ಲುತ್ತಾರೆ. ಅದಕ್ಕೇ ನಿನ್ನದನ್ನು ನಿನ್ನ ಗಂಡನ ಕೈಗೆ ಕೊಟ್ಟು ಈ ಭಾನುವಾರ ಕಳಿಸು. ನನ್ನ ಸರದಿ ಆಮೇಲೆ.

ಅವನಿಗೆ ಬುದ್ಧಿ ಹೇಳಬೇಡ. ಅಣ್ಣ ಕೊರಗುತ್ತಿದ್ದಾನೆ ಎಂದೂ ಹೇಳಬೇಡ, ನಂಬುವುದಿಲ್ಲ, ನಂಬಿದರೆ ನಾಚಿಕೊಂಡು ಬರುವುದಿಲ್ಲ. ಊಟಕ್ಕೆ ಬಡಿಸುತ್ತಾ, ಏನೋ ನೆನಪಾದ ಹಾಗೆ ಒಂದು ಮಾತು ಹಾಕು. "ನಿಮಗೆ ಬ್ಯಾಕ್‌ಹ್ಯಾಂಡ್ ಇವತ್ತಿಗೂ ಆಗಲ್ಲ ಅಂತ ನಿಮ್ಮಣ್ಣ ಹೇಳ್ಕೊಂಡು ತಿರುಗ್ತಿದ್ದಾರಂತೆ" ಎನ್ನು. ಉಳಿದದ್ದನ್ನು ಅವನ ರೋಷ ನೋಡಿಕೊಳ್ಳುತ್ತದೆ. ಬರುತ್ತಾನೆ, ಕೋಪದಲ್ಲೇ ಬರಲಿ. ನಿನ್ನ ಭಾವ ನೆಟ್ಟಿನ ಆ ಕಡೆ ನಿಂತಿರುತ್ತಾರೆ. ಅವನು ನನ್ನ ಜಾಗದಲ್ಲಿ ಬಂದು ನಿಂತರೆ ಸಾಕು. ಇಷ್ಟು ದಿನ ನಾನು ಹೊಡೆದದ್ದು ನನಗೆ ಬಂದ ಚೆಂಡುಗಳಲ್ಲ, ಗುಬ್ಬಿ. ಎಲ್ಲವೂ ಅವನವು.

ಯಂತ್ರ ನಿಂತಿತು, ನಿನ್ನ ಭಾವ ಕೈ ಒರೆಸಿಕೊಳ್ಳುತ್ತಿದ್ದಾರೆ. ನೀನೂ ನಿನ್ನವರೂ ತಣ್ಣಗಿರಿ, ನಿಮ್ಮ ಬಾಗಿಲಿಗೆ ಒಳ್ಳೆಯ ಸುದ್ದಿಯೇ ಬರಲಿ.

ಭಾನುವಾರವನ್ನೇ ಕಾಯುತ್ತಿರುವ,
ನಿನ್ನ ಅಕ್ಕ