ಫೋನಿನ ಹಿಂದೆ ಕೂತ ಅತ್ತೆ

ನ್ಯಾಮತಿ,
9 ನವೆಂಬರ್ 2025, ಭಾನುವಾರ

ಪ್ರೀತಿಯ ಅತ್ತೆಮ್ಮನವರಿಗೆ, ನಿಮ್ಮ ನೇತ್ರಾಳ ನಮಸ್ಕಾರ.

ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ. ಅರುಣಾಳ ಕೈಗೆ ಕೊಟ್ಟು ಓದಿಸಬೇಡಿ, ನಿಮ್ಮ ಮಗಳು ಗಡಿಬಿಡಿಯಲ್ಲಿ ಅರ್ಧ ಸಾಲು ನುಂಗಿಬಿಡುತ್ತಾಳೆ. ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ, ಅವಳ ಮೂಲಕ ಹೇಳಿಸಿದರೆ ನನ್ನ ಮಾತು ಅವಳ ಮಾತಾಗಿಬಿಡುತ್ತದೆ. ಅದಕ್ಕೇ ಈ ಕಾಗದ.

ನೀವು ತ್ಯಾವಣಿಗೆಗೆ ಹೋಗಿ ಹದಿನೈದು ದಿನದ ಮೇಲಾಯಿತು. ಕಿವಿಯ ಮಷಿನ್ನನ್ನು ಡಬ್ಬಿಯ ಸಮೇತ ದೇವರ ಗೂಡಿನಲ್ಲಿಟ್ಟು ಹೋಗಿದ್ದೀರಿ. ಯಾಕೆ ಹೋದಿರಿ ಎಂದು ನನಗೆ ಗೊತ್ತು. ಅವತ್ತು ಊಟಕ್ಕೆ ಕೂತಾಗ ನಿಮ್ಮ ಮಗ ನನ್ನ ಕಡೆ ತಿರುಗಿ, "ಮಷಿನ್ ಹಾಕ್ಕಳಾಕೆ ಆಗಲ್ಲ ಅಂದ್ರೆ ಇನ್ಮೇಲೆ ಅವ್ವನ ಕೂಡೆ ಮಾತೇ ಆಡಲ್ಲ ನಾನು" ಎಂದರು. ನಿಮಗೆ ಕೇಳಿಸಲಿಲ್ಲ ಎಂದು ಅವರು ತಿಳಿದುಕೊಂಡರು. ನೀವು ಅವರ ತುಟಿ ನೋಡುತ್ತಿದ್ದಿರಿ. ಮರುದಿನ ಬೆಳಿಗ್ಗೆ, ಮಗಳನ್ನು ನೋಡಬೇಕು ಅನಿಸುತ್ತಿದೆ ಎಂದು ಬಸ್ಸು ಹತ್ತಿದಿರಿ.

ಅವರ ವಿಷಯ ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಕಾಗದವನ್ನು ಇಷ್ಟಕ್ಕೇ ಮಡಿಚಿಡುತ್ತೀರಿ. ಹೇಳಬೇಕಾದ್ದು ಬೇರೆ ಇದೆ. ಇವತ್ತು ಬೆಳಿಗ್ಗೆ ಅರ್ಪಿತಾ ಬಂದಿದ್ದಳು, ಸವಳಂಗದ ಬೀರಲಿಂಗಪ್ಪನ ಮಗಳು. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ "ಅಜ್ಜಿ ಎಲ್ಲಿ ಮಿಸ್?" ಎಂದಳು. ನೀವಿಲ್ಲ ಎಂದಾಗ ಅವಳ ಮುಖ ಬಾಡಿತು. ಅವಳು ಹೋದಾಗಿನಿಂದ ಆ ಕೊರೋನಾ ವರ್ಷದ್ದೇ ನೆನಪು. ಅದರಲ್ಲಿ ಅರ್ಧ ನಿಮಗೆ ಗೊತ್ತು. ನನ್ನ ಕಡೆಯಿಂದ ಅದು ಹೇಗೆ ಕಂಡಿತ್ತು ಎಂದು ಮಾತ್ರ ನಾನು ಯಾವತ್ತೂ ನಿಮಗೆ ಹೇಳಿಲ್ಲ.

ಶಾಲೆ ಮುಚ್ಚಿ, ನಿಮ್ಮ ಮಗ ನನ್ನನ್ನು ಜಗಳೂರು ಕಡೆಯ ನಿಮ್ಮ ಹಳ್ಳಿಮನೆಗೆ ಬಿಟ್ಟು ಹೋದರಲ್ಲ, ಆಗ ನನಗೆ ನಿಮ್ಮನ್ನು ಕಂಡರೆ ಭಯ. ಲೈನ್‌ಮನ್ ಕೆಲಸಕ್ಕೆ ರಜೆಯಿಲ್ಲ, ಅವರು ಹೊನ್ನಾಳಿಯಲ್ಲೇ ಉಳಿದರು. ಮನೆಯಲ್ಲಿ ನೀವು, ನಾನು ಇಬ್ಬರೇ. ಹಿಂದಿನಿಂದ "ಅತ್ತೆಮ್ಮ" ಎಂದು ಕರೆದರೆ ನೀವು ತಿರುಗುತ್ತಿರಲಿಲ್ಲ. ಏನಾದರೂ ಕೇಳಿದರೆ "ಹೂಂ" ಎಂದು ಎದ್ದು ಹೋಗುತ್ತಿದ್ದಿರಿ. ಊರಿನವರೂ "ಸಾವಂತ್ರಮ್ಮ ಗತ್ತಿನ ಹೆಂಗ್ಸು" ಎನ್ನುತ್ತಿದ್ದರು. ನೌಕರಿ ಮಾಡುವ ಸೊಸೆ ಇವರಿಗೆ ಹಿಡಿಸಲಿಲ್ಲ ಎಂದೇ ನಾನು ತೀರ್ಮಾನಿಸಿಬಿಟ್ಟಿದ್ದೆ.

ಅಷ್ಟರಲ್ಲಿ ಹತ್ತನೇ ತರಗತಿಗೆ ಆನ್‌ಲೈನಿನಲ್ಲಿ ವಿಜ್ಞಾನ ಪಾಠ ಶುರು ಮಾಡಿ ಎಂದು ಶಾಲೆಯಿಂದ ಹೇಳಿದರು. ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಜಗಲಿಯ ಮೂಲೆಯಲ್ಲಿ ಮಾತ್ರ. ಫೋನನ್ನು ಕೊಡಕ್ಕೆ ಒರಗಿಸಿ ಕೂತೆ. ಪರದೆಯ ತುಂಬ ಕಪ್ಪು ಚೌಕಗಳು, ಚೌಕಕ್ಕೊಂದು ಹೆಸರು. ಒಂದು ಮುಖವಿಲ್ಲ, ಕೆಮ್ಮಿಲ್ಲ, ಪಿಸುಮಾತಿಲ್ಲ. "ಅರ್ಥ ಆಯ್ತಾ ಮಕ್ಕಳೇ?" ಎಂದರೆ ಉತ್ತರವಿಲ್ಲ. ತರಗತಿಯಲ್ಲಿ ಮಕ್ಕಳ ಕಣ್ಣು ನೋಡಿಕೊಂಡೇ ನಾನು ಪಾಠ ಮಾಡುತ್ತಿದ್ದವಳು. ಬಾವಿಯೊಳಗೆ ಮಾತಾಡಿದ ಹಾಗೆ ಆಗುತ್ತಿತ್ತು. ಮಧ್ಯದಲ್ಲೇ ನಾಲಿಗೆ ಒಣಗಿ, ನೆಟ್‌ವರ್ಕ್ ಹೋಯಿತೆಂದು ಸುಳ್ಳು ಹೇಳಿ ಪಾಠ ಮುಗಿಸುತ್ತಿದ್ದೆ. ಒಂದು ದಿನ ಹಾಗೆ ಮುಗಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ.

ಮರುದಿನ ನಾನು ಫೋನಿಟ್ಟು ಕೂರುವ ಹೊತ್ತಿಗೆ ನೀವು ಮೊರದ ತುಂಬ ಬಿತ್ತನೆ ಶೇಂಗಾ ತಂದು, ಫೋನಿನ ಹಿಂದೆ, ಸರಿಯಾಗಿ ನನ್ನ ಎದುರಿಗೆ ಕೂತುಬಿಟ್ಟಿರಿ. ಶೇಂಗಾ ಸುಲಿಯುತ್ತಾ ನನ್ನನ್ನೇ ನೋಡುತ್ತಿದ್ದಿರಿ. ಮೊದಲು ಗಾಬರಿಯಾಯಿತು. ಆಮೇಲೆ ನನಗೇ ತಿಳಿಯದ ಹಾಗೆ ನಿಮ್ಮ ಮುಖ ನೋಡಿಕೊಂಡು ಮಾತಾಡತೊಡಗಿದೆ. ಅವತ್ತು ಪಾಠ ಕೊನೆಯವರೆಗೂ ನಡೆಯಿತು.

ಬೆಳಕಿನ ಪಾಠದ ದಿನ ನೆನಪಿದೆಯಾ? ನಾನು ಗತ್ತಿನಿಂದ "ಈಗ ನಾವು ದರ್ಪಣದ ಬಗ್ಗೆ ತಿಳಿಯೋಣ" ಎಂದೆ. ನೀವು ಶೇಂಗಾ ಬಿಟ್ಟು, ಗಾಬರಿಯಿಂದ, ಓಣಿಗೆಲ್ಲ ಕೇಳುವ ಹಾಗೆ "ಯಾರಿಗವ್ವ ತರ್ಪಣ? ಯಾರು ಹೋದ್ರು?" ಎಂದಿರಿ. ಮೈಕ್ ಆನ್ ಇತ್ತು. ಒಂದೊಂದೇ ಚೌಕದಿಂದ ನಗು ಶುರುವಾಯಿತು. ಮಕ್ಕಳು ಅಷ್ಟು ದಿನದ ಮೇಲೆ ಮಾಡಿದ ಮೊದಲ ಸದ್ದು ಅದು! ಎಷ್ಟೋ ಜನ ಕ್ಯಾಮೆರಾ ಹಾಕಿ "ಮಿಸ್, ಅಜ್ಜಿ ತೋರಿಸ್ರಿ" ಎಂದು ದುಂಬಾಲು ಬಿದ್ದರು.

ನಾನು ಎರಡು ಸಲ "ದರ್ಪಣ, ದರ್ಪಣ" ಎಂದೆ. ನಿಮಗೆ ತಿಳಿಯಲಿಲ್ಲ. ಆಗ ಸ್ಟೀಲ್ ಚಮಚ ತಂದು, ನಿಮ್ಮ ಮುಂದೆ ಹಿಡಿದು, ಒಳಗಡೆ ನೋಡಿದರೆ ಮುಖ ತಲೆಕೆಳಗಾಗಿ, ಹಿಂದುಗಡೆ ನೋಡಿದರೆ ನೆಟ್ಟಗೆ ಕಾಣುವುದನ್ನು ತೋರಿಸಿದೆ. "ಓ, ಕನ್ನಡಿ ಅನ್ನು ಮತ್ತೆ" ಎಂದಿರಿ. ಮಕ್ಕಳು ತಮ್ಮ ತಮ್ಮ ಅಡಿಗೆಮನೆಗೆ ಓಡಿ ಚಮಚ ತಂದರು. ಪಾಠ ಮುಗಿದ ಮೇಲೆ ನಾನು ಬೇಕೆಂದೇ ನಿಮ್ಮ ಬೆನ್ನ ಹಿಂದೆ ನಿಂತು ಕರೆದೆ. ನೀವು ತಿರುಗಲಿಲ್ಲ. ಗತ್ತು ಅಲ್ಲ, ನಿಮಗೆ ಕೇಳಿಸುತ್ತಲೇ ಇರಲಿಲ್ಲ! ನಿಮ್ಮ ಮುಂದೆ ಬಂದು ಕೂತು ಕೇಳಿದಾಗ ನೀವು ನನ್ನ ಕೈ ಗಟ್ಟಿಯಾಗಿ ಹಿಡಿದು, "ಯಾರಿಗೂ ಹೇಳ್ಬ್ಯಾಡ. ಕಿವುಡಿ ಅಂತಾರೆ" ಎಂದಿರಿ. ನಾನು ನಿಮ್ಮ ಮಗನಿಗೂ ಹೇಳಲಿಲ್ಲ.

ಅವತ್ತಿನಿಂದ ನಾನು ಪಾಠ ಮಾಡಿದ್ದು ನಿಮಗೆ. ನಿಮಗೆ ತಿಳಿಯಿತೆಂದರೆ ಗಳಿಗೆಗೊಮ್ಮೆ ಕಡಿದುಹೋಗುವ ನೆಟ್‌ವರ್ಕಿನಲ್ಲಿರುವ ಮಕ್ಕಳಿಗೂ ತಿಳಿಯುತ್ತದೆ ಎಂಬುದು ಸ್ವಲ್ಪ ದಿನಕ್ಕೇ ಗೊತ್ತಾಯಿತು. "ಬೆಳಕಿಗೆ ಬೆನ್ನು ಹಾಕಿ ಕುಂತ್ರೆ ನಿನ್ನ ಬಾಯಿ ಹೆಂಗೆ ಕಾಣ್ಬೇಕು?" ಎಂದು ನೀವು ಬೈದ ಮೇಲೆ ಬೆಳಕಿಗೆ ಎದುರಾಗಿ ಕೂತೆ. ಒಂದು ಮಾತು ಹೇಳಿ ನಿಲ್ಲಿಸುವುದು, ವಸ್ತು ತೋರಿಸಿ ಆಮೇಲೆ ಹೆಸರು ಹೇಳುವುದು, ದಪ್ಪ ಅಕ್ಷರದಲ್ಲಿ ಬರೆದು ಹಿಡಿಯುವುದು, ಬರೆಯುವಾಗ ಬಾಯಿ ಮುಚ್ಚಿಕೊಂಡಿರುವುದು, ಎಲ್ಲ ಹಾಗೇ ಬಂತು. ಅರಿಶಿನಕ್ಕೆ ನಿಮ್ಮ ಎಲೆಅಡಿಕೆಯ ಸುಣ್ಣ ಕಲಸಿ ಕೆಂಪಾಗಿಸಿದ ದಿನ ಮಕ್ಕಳ ಕಪ್ಪು ಚೌಕ ಒಂದೂ ಇರಲಿಲ್ಲ. ಗಣಿತದ ಭೀಮೇಶ್ ಮೇಷ್ಟ್ರು ಫೋನ್ ಮಾಡಿ, "ನನ್ನ ಕ್ಲಾಸಿಗೆ ಅರ್ಧ ಮಕ್ಕಳೂ ಬರಲ್ಲ, ನೀವು ಅದೇನು ಮಾಡ್ತೀರಿ ಮೇಡಮ್?" ಎಂದು ಕೇಳಿದರು. ಎದುರಿಗೆ ಮನೆಯವರನ್ನು ಯಾರನ್ನಾದರೂ ಕೂರಿಸಿಕೊಳ್ಳಿ ಸಾರ್ ಎಂದೆ. ಅವರು ಹೆಂಡತಿಯನ್ನು ಕೂರಿಸಿಕೊಂಡರಂತೆ. ಆಕೆ ಮೊದಲ ದಿನವೇ ನಿದ್ದೆ ಮಾಡಿದರಂತೆ, ಅದರಿಂದಲೂ ಅವರು ಏನೋ ಕಲಿತಿರಬೇಕು.

ಇನ್ನು ಅರ್ಪಿತಾ. ಒಂಬತ್ತನೇ ತರಗತಿಯಿಂದಲೂ ಅವಳು ನನ್ನ ವಿದ್ಯಾರ್ಥಿ. ಕೊನೆಯ ಬೆಂಚು, ಪ್ರಶ್ನೆ ಕೇಳಿದರೆ ತಲೆ ತಗ್ಗಿಸುವುದು. ಮೇಷ್ಟ್ರುಗಳೆಲ್ಲ ಅವಳ ಆಸೆ ಬಿಟ್ಟಿದ್ದರು. ನೀವು ಒಂದು ದಿನ ಮಕ್ಕಳನ್ನು ನೋಡಬೇಕೆಂದು ನನ್ನ ಪಕ್ಕಕ್ಕೆ ಬಂದು ಕೂತಿರಿ. ನಾನು ಮಾತಾಡುತ್ತಲೇ ಇದ್ದೆ, ನೀವು ಒಂದು ಚೌಕದ ಮೇಲೆ ಬೆರಳಿಟ್ಟು, "ಈ ಹುಡುಗಿಗೆ ಕಿವಿ ಕೇಳ್ಸಲ್ಲ ಕಣೇ ನೇತ್ರಾ" ಎಂದಿರಿ. ಹೇಗೆ ಗೊತ್ತು ಎಂದರೆ, "ಉಳಿದೋರು ನಿನ್ನ ಕಣ್ಣು ನೋಡ್ತಾರೆ. ಇದು ನಿನ್ನ ಬಾಯಿ ನೋಡ್ತೈತೆ. ನನ್ನಂಗೆ" ಎಂದಿರಿ.

ಕೊನೆಯ ಬೆಂಚಿನಿಂದ ನನ್ನ ಬಾಯಿ ಕಾಣದ ಹುಡುಗಿಗೆ ಫೋನಿನಲ್ಲಿ ಅದು ಅಂಗೈಯಷ್ಟು ಹತ್ತಿರ ಬಂದಿತ್ತು. ಅದಕ್ಕೇ ಅವಳು ಒಂದು ಪಾಠವನ್ನೂ ತಪ್ಪಿಸುತ್ತಿರಲಿಲ್ಲ. ನಾನು ಪ್ರಶ್ನೆಯನ್ನು ಬರೆದು ಹಿಡಿದೆ. ಅರ್ಪಿತಾ ಸರಿಯಾದ ಉತ್ತರ ಹೇಳಿದಳು, ತನ್ನ ದನಿ ತನಗೇ ಕೇಳದವರ ಹಾಗೆ ಜೋರಾಗಿ. ನನ್ನ ಕಣ್ಣಲ್ಲಿ ನೀರು ಬಂತು.

ಅದಾದ ಸ್ವಲ್ಪ ದಿನಕ್ಕೇ ಅವಳು ಕಾಣದಾದಳು. ಅವರಪ್ಪನಿಗೆ ಫೋನ್ ಮಾಡಿದೆ. ಬೀರಲಿಂಗಪ್ಪ ಒರಟನಲ್ಲ, ಸೋತ ದನಿಯಲ್ಲಿ ಹೇಳಿದ: "ಅದ್ರ ತಲೆಗೆ ಓದು ಹತ್ತಲ್ಲ ಬಿಡ್ರಿ ಮೇಡಮ್. ಅವರವ್ವನ ಜೊತೆ ಕಳೆ ತೆಗಿಯಾಕೆ ಹೋಗ್ತೈತೆ. ಮುಂದಿನ ವರ್ಷ ಒಂದು ಕಡೆ ಕೊಟ್ಟುಬಿಡ್ತೀವಿ." ಅವಳು ದಡ್ಡಿಯಲ್ಲ, ಕಿವಿಯ ತೊಂದರೆ ಎಂದು ನಾನು ಎಷ್ಟು ಹೇಳಿದರೂ, "ಅದನ್ನ ಊರಾಗೆ ಹೇಳ್ಬ್ಯಾಡ್ರಿ, ಗಂಡು ಸಿಗಲ್ಲ" ಎಂದ. ನಾನು ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದೆ. ನನ್ನ ಮುಖ ನೋಡಿ ನೀವು ಏನಾಯಿತೆಂದು ಕೇಳಿದಿರಿ. ಹೇಳಿದೆ. ನೀವು ಕೈಯೊರೆಸಿಕೊಂಡು ಫೋನ್ ಕಿತ್ತುಕೊಂಡಿರಿ.

ಅವತ್ತು ನೀವು ಆಡಿದ್ದು ನನಗೆ ಬಾಯಿಪಾಠ ಇದೆ. "ಕೇಳಪ್ಪ, ನಾನು ಮೇಡಮ್ ಅವರ ಅತ್ತೆ. ನೀನು ಏನಂದ್ರೂ ನಂಗೆ ಕೇಳ್ಸಲ್ಲ, ಹಂಗಾಗಿ ನೀನು ಸುಮ್ನಿರು, ನಾನು ಮಾತಾಡ್ತೀನಿ. ನಂಗೆ ಕಿವಿ ಹೋಗಿ ಬಾಳ ದಿನ ಆತು. ನಾಚ್ಕೆಗೆ ಯಾರಿಗೂ ಹೇಳ್ಲಿಲ್ಲ. ಮಾತಾಡ್ಸಿದ್ರೆ ಓ ಅನ್ನಲ್ಲ, ಸೊಕ್ಕು ಅಂದ್ರು ಜನ. ಹೆತ್ತ ಮಗನೂ ಹಂಗೇ ತಿಳ್ಕಂಡ. ಒಳಗೇ ಕುಂತು ನಾನು ಒಬ್ಬಳೇ ಆಗೋದೆ. ನಿನ್ನ ಮಗಳಿಗೆ ಇನ್ನೂ ಹದಿನೈದು ವರ್ಷ. ಅದ್ನ ಒಬ್ಬಳೇ ಮಾಡ್ಬ್ಯಾಡಪ್ಪ. ಫೋನ್ ಕೊಡು ಅದ್ರ ಕೈಗೆ."

ಹೇಳಿ ಮುಗಿಸಿ ಫೋನನ್ನು ನನ್ನ ಕೈಗಿಟ್ಟು ಒಳಗೆ ಹೋದಿರಿ. ಜಗಲಿಯ ಮುಂದೆ ನಿಂತಿದ್ದ ಪಕ್ಕದ ಮನೆಯ ಪುಷ್ಪಾವತಿ, ಅವಳ ಗಂಡ, ಎಲ್ಲ ಕೇಳಿಸಿಕೊಂಡಿದ್ದರು. ಯಾರಿಗೂ ಹೇಳಬೇಡ ಎಂದು ನನ್ನ ಕೈ ಹಿಡಿದಿದ್ದವರು ಫೋನಿನಲ್ಲಷ್ಟೇ ಕಂಡ ಹುಡುಗಿಯೊಬ್ಬಳಿಗಾಗಿ ಓಣಿಗೆಲ್ಲ ಹೇಳಿಬಿಟ್ಟಿರಿ. ಬೀರಲಿಂಗಪ್ಪ ಆ ಕಡೆ ಏನು ಹೇಳಿದ ಎಂದು ನಿಮಗೆ ಗೊತ್ತಿಲ್ಲವಲ್ಲ? "ಆ ಯಮ್ಮಗೆ ನನ್ನ ನಮಸ್ಕಾರ ತಿಳಿಸ್ರಿ" ಎಂದ. ಸೋಮವಾರ ಅರ್ಪಿತಾಳ ಚೌಕ ಮತ್ತೆ ಬೆಳಗಿತು.

ಶಾಲೆ ತೆರೆದ ಮೇಲಿನ ಪಾಡು ನಿಮಗೆ ಪೂರ್ತಿ ಗೊತ್ತಿಲ್ಲ. ಎಲ್ಲರಿಗೂ ಮಾಸ್ಕ್. ಮುಂದಿನ ಬೆಂಚಿಗೆ ಕೂರಿಸಿದರೂ ಅವಳಿಗೆ ಯಾರ ತುಟಿಯೂ ಕಾಣುವುದಿಲ್ಲ. ಉಳಿದ ಮಕ್ಕಳಿಗೆ ಶಾಲೆ ತೆರೆಯಿತು, ಅವಳಿಗೆ ಮುಚ್ಚಿತು. ಹಾಗಾಗಿ ದಿನಾ ಸಂಜೆ ಮನೆಗೆ ಬಂದು, ಮಾಸ್ಕ್ ತೆಗೆದು, ಕಿಟಕಿಯ ಬೆಳಕಿಗೆ ಕೂತು, ಅದೇ ಪಾಠದ ವಿಡಿಯೋ ಮಾಡಿ ಕಳಿಸುತ್ತಿದ್ದೆ. ಭೀಮೇಶ್ ಮೇಷ್ಟ್ರೂ ಗಣಿತದ್ದನ್ನು ಮಾಡಿಕೊಟ್ಟರು. ದಾವಣಗೆರೆಗೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸಿ, ಮಷಿನ್ ಹಾಕಿಸಿದ್ದು ಬೀರಲಿಂಗಪ್ಪನೇ. ಆ ವರ್ಷ ಪರೀಕ್ಷೆ ಸುಲಭ ಮಾಡಿದ್ದರು, ಪಾಸಾಗುವುದು ದೊಡ್ಡದಲ್ಲ ಎನ್ನುವವರು ಎನ್ನಲಿ. ಮದುವೆಯ ಮಾತು ನಿಂತಿತು, ಅವಳು ಹೊನ್ನಾಳಿಯಲ್ಲಿ ಪಿಯುಸಿ ಓದಿದಳು, ಆಮೇಲೆ ಡಿ.ಎಡ್. ಮುಗಿಸಿದಳು. ನನಗೆ ಅಷ್ಟು ಸಾಕು.

ಇವತ್ತು ಬಂದದ್ದು ಕೆಲಸ ಸಿಕ್ಕಿದ್ದನ್ನು ಹೇಳಲು. ಸಂತೇಬೆನ್ನೂರಿನ ಹತ್ತಿರ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದ್ದಾಳೆ. ನೀವು ಮಷಿನ್ ಬಿಟ್ಟು ಹೋಗಿದ್ದೀರಿ ಎಂದೆ. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. "ನಾನೂ ಮೊದ್ಲು ಕಿತ್ತು ಬಿಸಾಕಿದ್ದೆ ಮಿಸ್. ತಟ್ಟೆ ಇಟ್ಟರೆ ತಲೆಗೆ ಕಲ್ಲು ಬಡಿದಂಗೆ ಆಗೋದು. ಬಸ್ಸಿನಾಗೆ ಅಂತೂ ಅತ್ತೇಬಿಟ್ಟಿದ್ದೆ. ಅಜ್ಜಿಗೆ ಅದನ್ನ ಯಾರೂ ಹೇಳಿಲ್ಲ. ಮೊದ್ಲು ಸದ್ದಿಲ್ಲದ ಕಡೆ ಸ್ವಲ್ಪ ಹೊತ್ತು ಹಾಕ್ಕಬೇಕು, ಒಬ್ಬರ ಕೂಡೆ ಮಾತ್ರ ಮಾತಾಡ್ಬೇಕು" ಎಂದಳು. ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ ಅತ್ತೆಮ್ಮ. ಹಾಕಿಸಿದ ದಿನವೇ ನಿಮ್ಮನ್ನು ಟಿವಿ, ಮಿಕ್ಸಿ, ನೆಂಟರ ನಡುವೆ ಕೂರಿಸಿದೆವು. ನಿಮಗೆ ಹಟ ಎಂದುಕೊಂಡೆವು. ನಿಮಗೆ ನೋವಾಗುತ್ತಿತ್ತು.

ಮಷಿನ್ ಡಬ್ಬಿಯನ್ನು ಅವಳ ಕೈಯಲ್ಲೇ ಕಳಿಸಿದ್ದೇನೆ. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ತ್ಯಾವಣಿಗೆಗೆ ಬರುತ್ತಾಳೆ. ಬೇಡ ಅನಿಸಿದರೆ ಹಾಕಿಕೊಳ್ಳಬೇಡಿ, ನಾನು ಬಲವಂತ ಮಾಡುವುದಿಲ್ಲ. ನೀವು ಹೇಗಿದ್ದರೂ ನನಗೆ ಸರಿ, ನಾನು ಎದುರಿಗೆ ಕೂತೇ ಮಾತಾಡುತ್ತೇನೆ. ಆದರೆ ಅವಳಿಗೆ ಒಂದು ಗಂಟೆ ಕೊಡಿ. ಅವಳು ನಿಮ್ಮನ್ನು ಇಷ್ಟು ವರ್ಷ ಕೇಳಿಸಿಕೊಂಡಿದ್ದಾಳೆ.

ಅರುಣಾಳ ಮಕ್ಕಳಿಗೆ ನನ್ನ ಪ್ರೀತಿ ಹೇಳಿ. ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡಿ.

ನೀವು ಬೈದರೂ ಬಿಡದ ನಿಮ್ಮ ಸೊಸೆ,
ನೇತ್ರಾವತಿ

ತಾ.ಕ.: ನಿಮ್ಮ ಮಗನ ವಿಷಯ ಬರೆಯುವುದಿಲ್ಲ ಎಂದಿದ್ದೆ, ತಡೆಯಲಾಗುತ್ತಿಲ್ಲ. ಅರ್ಪಿತಾ ಮಾತಾಡುವಾಗ ಅವರು ಒಳಗಿನ ಕೋಣೆಯಲ್ಲಿದ್ದರು. ಅವಳು ಹೋದ ಮೇಲೆ ಬಂದು, ನನ್ನ ಕಡೆ ನೋಡದೆ, "ಅವ್ವನ ಕೂಡೆ ಹೆಂಗೆ ಮಾತಾಡ್ಬೇಕು, ನಂಗೂ ಹೇಳಿಕೊಡು" ಎಂದರು. ಕಂಬದ ಮೇಲಿಂದ ಕೂಗಿ ಕೂಗಿ ಅಭ್ಯಾಸವಾದವರಿಗೆ ಮೆಲ್ಲಗೆ ಮಾತಾಡುವುದು ಸುಲಭವಲ್ಲ. ಮಧ್ಯಾಹ್ನವೆಲ್ಲ ನನ್ನ ಎದುರಿಗೆ ಕೂತು ಕಲಿತರು. ಮುಂದಿನ ಭಾನುವಾರ ನಿಮ್ಮನ್ನು ಕರೆತರಲು ಅವರೇ ಬರುತ್ತಾರೆ. ನಾನು ಹೇಳಿದೆ ಎಂದು ಹೇಳಬೇಡಿ. ಎದುರಿಗೆ ಕೂತು, ಮುಖವೆತ್ತಿ, ನಿಧಾನವಾಗಿ ಮೂರು ಮಾತು ಹೇಳುತ್ತಾರೆ. "ತಪ್ಪಾತು ಅವ್ವ" ಎಂಬುದು ಸರಿಯಾಗಿ ಬರುತ್ತದೆ. "ಮನೆಗೆ ಬಾ" ಎಂಬುದೂ ಬರುತ್ತದೆ. ಮೂರನೆಯದನ್ನು ಹೇಳಲು ಹೋದಾಗಲೆಲ್ಲ ಅವರ ತುಟಿ ನಡುಗುತ್ತದೆ, ನನಗೇ ಅದು ಏನೆಂದು ತಿಳಿಯಲಿಲ್ಲ. ನಿಮಗೆ ತಿಳಿಯುತ್ತದೆ.