ಬಟ್ಟಲಿನ ಅಂಚು

ಇಳಕಲ್, ೧೯೮೪

ಅಪ್ಪಾ,

ಇಂದು ಚರ್ಚಿನಲ್ಲಿ ಕರ್ತನ ಭೋಜನವಿತ್ತು. ಮೇಜಿಗೆ ನೀನು ನೇಯ್ದ ಬಿಳಿ ವಸ್ತ್ರವನ್ನೇ ಹಾಸಿದ್ದರು. ಆರಾಧನೆ ಮುಗಿದ ಮೇಲೆ ನೀನು ನನಗೂ ಪಕ್ಕದ ಮನೆಯ ದಾನಿಯೇಲನಿಗೂ ಬಿಸಿ ಮಿರ್ಚಿ ಕೊಡಿಸುತ್ತಿದ್ದ ಭಾನುವಾರಗಳು ನೆನಪಾದವು.

ಮುಷ್ಕರದ ದಿನ, ನೇಕಾರರ ಸಂಘದ ಅಧ್ಯಕ್ಷನಾಗಿದ್ದ ನಿನ್ನನ್ನು ಇರಿದು ಕೊಂದವನೂ ಅದೇ ದಾನಿಯೇಲ. ಅವನ ತಾಯಿ ಮಾರ್ಥವ್ವ ಇಂದು ಬಂದಿದ್ದಳು. ಅವಳ ಪಕ್ಕ ಯಾರೂ ನಿಲ್ಲಲಿಲ್ಲ. ಅವ್ವ ಹೋಗಿ ನಿಂತಳು.

“ನಾಳೆ ಬಾಗಲಕೋಟಿ ಕೋರ್ಟಿನ್ಯಾಗ ನಾ ಕಂಡಿದ್ದೆಲ್ಲಾ ಹೇಳ್ತೇನಿ, ಮಾರ್ಥವ್ವ. ನಿನ್ನ ಮಗನ ಹೆಸರೂ ಹೇಳ್ತೇನಿ.”

“ಹೇಳ ಯಕ್ಕಾ. ಖರೇನ ಹೇಳು,” ಎಂದು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಒಬ್ಬೊಬ್ಬರು ಕುಡಿದ ಮೇಲೂ ಪಾಸ್ಟರು ದ್ರಾಕ್ಷಾರಸದ ಬಟ್ಟಲಿನ ಅಂಚನ್ನು ಒರೆಸುತ್ತಾರಲ್ಲ, ಮಾರ್ಥವ್ವ ಕುಡಿದ ಮೇಲೂ ಬಟ್ಟೆ ಎತ್ತಿದರು. “ಇರ್ಲಿ ಬಿಡ್ರಿ,” ಎಂದು ಅವ್ವ ಹಾಗೆಯೇ ಕುಡಿದಳು. ನೀನಿದ್ದರೂ ಹಾಗೆಯೇ ಕುಡಿಯುತ್ತಿದ್ದೆ.

ಅವ್ವನ ನಂತರ ನನ್ನ ಸರದಿ. ಪಾಸ್ಟರು ಬಟ್ಟೆ ಹಿಡಿದು ನನ್ನ ಮುಖ ನೋಡುತ್ತ ನಿಂತರು. ನಾನೇನೂ ಹೇಳಲಿಲ್ಲ.

ಅವರು ಒರೆಸಿದರು, ಅಪ್ಪಾ.