ಗೆರೆ ಎಲ್ಲಿಂದ ಹೊರಡುತ್ತದೆ

ಮಾರ್ಚ್ ೪, ಸೋಮವಾರ

ಬೆಳಿಗ್ಗೆ ಹಾಲು ಉಕ್ಕಿತು. ಒಲೆ ಒರೆಸಿದ್ದು ನಾನು, ಬೈದದ್ದು ಅತ್ತೆ. ಎಂದಿನಂತೆ.

ಆಫೀಸಿನಲ್ಲಿ ಹೊಸ ಸ್ಕ್ರೀನ್ ಬಂದಿದೆ. ಇಷ್ಟು ವರ್ಷ ನಮ್ಮ ದೊಡ್ಡ ಕಂಪ್ಯೂಟರ್ ಮೇನ್‌ಫ್ರೇಮ್ ಎಂದರೆ ಕಪ್ಪು ಪರದೆ, ಹಸಿರು ಅಕ್ಷರ. ಪ್ರತಿ ಫೈಲಿಗೂ ಪ್ರತಿ ಪ್ರೋಗ್ರಾಮಿಗೂ ಒಂದೊಂದು ಡೆಫಿನಿಷನ್ — ಹೆಸರೇನು, ಎಲ್ಲಿದೆ, ಏನು ಮಾಡಲು ಬಿಡಬೇಕು. ಡೆಫಿನಿಷನ್ನುಗಳು ಗ್ರೂಪಿಗೆ ಸೇರಿರುತ್ತವೆ, ಗ್ರೂಪು ಯಾವುದಾದರೂ ಸಿಸ್ಟಮಿಗೆ — ಮೇನ್, ಕೌಂಟರ್, ಹೀಗೆ. ಯಾವುದು ಯಾವುದಕ್ಕೆ ಸೇರಿದ್ದು ಎನ್ನುವುದು ನಮ್ಮ ತಲೆಯಲ್ಲಿರಬೇಕಿತ್ತು. ಈಗ ಮ್ಯಾಪ್ ಅಂತೆ. ಒಂದು ಹೆಸರಿನ ಮೇಲೆ ಒತ್ತಿದರೆ ಸಾಕು. ಚೌಕಗಳು, ನಡುವೆ ಗೆರೆಗಳು, ವಂಶವೃಕ್ಷದ ಹಾಗೆ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ವಾಕ್ಯ ಸೀಳಿ ಬೋರ್ಡಿನ ಮೇಲೆ ಹೀಗೇ ಗೆರೆ ಎಳೆಯುತ್ತಿದ್ದರು. ಸಬ್ಜೆಕ್ಟ್, ಪ್ರೆಡಿಕೇಟ್... ಅದಕ್ಕೆ ಅನಾಲಿಸಿಸ್ ಅಂತಲೋ ಪಾರ್ಸಿಂಗ್ ಅಂತಲೋ ಹೆಸರು. ಎರಡರಲ್ಲಿ ಒಂದು.

ನಮ್ಮ ಲೀಡ್ ಮೇಡಂ ಬಂದರು. ಹಿಂದಿನಿಂದ ಎಲ್ಲರೂ ‘ಗಡಿಬಿಡಿ’ ಅನ್ನುತ್ತಾರೆ, ಬಹುಶಃ ಅವರಿಗೂ ಗೊತ್ತು. ಕುರ್ಚಿ ಎಳೆದು ಕೂತರು. ಕೂತರು ಅನ್ನುವುದು ತಪ್ಪು, ಕುರ್ಚಿ ಹಿಡಿದುಕೊಂಡು ನಿಂತರು.

"ಸರ್, ಗೆರೆ ಇಲ್ಲದ ಗ್ರೂಪು ಯಾವ್ಯಾವುದಿದೆ ನೋಡ್ಬಿಡಿ. ಯಾರಿಗೂ ಬೇಡದ್ದು ಕಿತ್ತು ಹಾಕೋಣ. ಹೊಸ ಸ್ಕ್ರೀನ್‌ನಲ್ಲಿ ಹಳೇ ಕಸ ಯಾಕೆ?"

"ಆಗಲಿ" ಅಂದೆ.

ಸಂಜೆ ಬಾಮೈದನ ಫೋನು. ಹೆಂಡತಿಯ ತಮ್ಮ. ಇವಳು ಹೋಗಿ ವರ್ಷದ ಮೇಲಾಯಿತು, ಇನ್ನೂ ವಾರಕ್ಕೊಮ್ಮೆ ತಪ್ಪದೆ ಮಾಡುತ್ತಾನೆ. ಒಳ್ಳೆಯವನು.

"ಭಾವ, ಅಮ್ಮನ್ನ ಕರ್ಕೊಂಡು ಹೋಗ್ತೀನಿ. ಅಕ್ಕನ ಕಾಯಿಲೆ ಅಂತ ಬಂದವರು, ಅಕ್ಕನೇ ಇಲ್ಲ ಅಂದ್ಮೇಲೆ ನಿಮಗ್ಯಾಕೆ ತೊಂದ್ರೆ? ಇಲ್ಲಿ ರೂಮು ರೆಡಿ ಇದೆ. ಹದಿನೇಳು ಭಾನುವಾರ, ಕಾರು ತರ್ತೀನಿ."

"ಆಗಲಿ" ಅಂದೆ. ಮತ್ತೇನು ಅನ್ನಲಿ? ತಾಯಿಯನ್ನು ಕರೆಯುತ್ತಿರುವವನು ಮಗ.

ಅತ್ತೆ ಪಕ್ಕದಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. ರಾತ್ರಿ ಬಟಾಣಿಗೆ ಉಪ್ಪೇ ಇರಲಿಲ್ಲ.

ಮಾರ್ಚ್ ೫, ಮಂಗಳವಾರ

ಇಡೀ ದಿನ ಮ್ಯಾಪ್. ಮೇನ್ ಸಿಸ್ಟಮಿನ ಮೇಲೆ ಒತ್ತಿದೆ. ಗೆರೆಗಳು ಬೇರು ಬಿಟ್ಟ ಹಾಗೆ ಕೆಳಗಿಳಿದವು. ಒಂದೊಂದೇ ಗ್ರೂಪು ಟಿಕ್ ಹಾಕುತ್ತ ಹೋದೆ. ವಿಳಾಸ ಬದಲಾವಣೆಯ ಫೈಲುಗಳ ಗ್ರೂಪಿಗೆ ಮಾತ್ರ ಒಂದು ಗೆರೆಯೂ ಬರಲಿಲ್ಲ. ಹಳೆಯ ಗ್ರೂಪು. ಯಾರು ಮಾಡಿದ್ದೋ. ಕಸ ಅಂತ ಬರೆದುಕೊಂಡೆ.

ಅತ್ತೆ ಹೋದರೆ ಬೆಳಗಿನ ಚಹಾ ಒಂದೇ ಲೋಟ. ಮಾಡುವುದೋ ಬಿಡುವುದೋ. ಇರಿ ಅನ್ನಲು ನಾನು ಯಾರು ಎನ್ನುವುದು ಪ್ರಶ್ನೆ. ಇಂಗ್ಲಿಷಿನಲ್ಲಿ ಮದರ್-ಇನ್-ಲಾ. ಕಾನೂನಿನ ಪ್ರಕಾರ ತಾಯಿ. ನಡುವೆ ಹೈಫನ್ನುಗಳು ಬೇರೆ, ಬಿದ್ದು ಹೋಗದ ಹಾಗೆ ಹೊಲಿಗೆ ಹಾಕಿದಂತೆ. ನಮ್ಮಲ್ಲಿ ಅತ್ತೆ ಅಂದರೆ ಅತ್ತೆ. ಹೆಂಡತಿ ಹೋದ ಮೇಲೆ ‘ಮಾಜಿ ಅತ್ತೆ’ ಅಂದವರನ್ನು ನಾನಂತೂ ಕಂಡಿಲ್ಲ.

ಚಹಾ ಕೊಡುವಾಗ ಕೇಳಿದೆ, "ಹೋಗುವಾಗ ಸ್ವೆಟರ್ ಬೇಕಾಗುತ್ತಾ?"

"ಅಲ್ಲಿ ಚಳಿ ಇಲ್ಲ."

ಅಷ್ಟೇ ಮಾತು.

ಮಾರ್ಚ್ ೭, ಗುರುವಾರ

ಗ್ರೂಪು ಅಳಿಸಿದೆ. ಖಂಡಿತವೇ ಅಂತ ಸ್ಕ್ರೀನ್ ಕೇಳಿತು. ಹಿಂದೆ ನಿಂತ ಗಡಿಬಿಡಿ ಮೇಡಮ್ಮೂ ಕೇಳಿದರು, "ಯಾರಿಗೂ ಬೇಡದ್ದೇ ತಾನೇ ಸರ್?"

"ಮ್ಯಾಪಿನಲ್ಲಿ ಗೆರೆ ಇಲ್ಲ."

"ಹಾಗಾದ್ರೆ ಒತ್ತಿ, ಒತ್ತಿ."

ಗ್ರೂಪು ಅಳಿಸಿದರೆ ಒಳಗಿನ ಡೆಫಿನಿಷನ್ನುಗಳು ಸಾಯುವುದಿಲ್ಲ. ಅವು ಇದ್ದಲ್ಲೇ ಇರುತ್ತವೆ, ಅವನ್ನು ಹಿಡಿದಿದ್ದ ಗೆರೆ ಮಾತ್ರ ಹೋಗುತ್ತದೆ. ಓಡುತ್ತಿರುವ ಯಂತ್ರಕ್ಕೆ ಇದು ಗೊತ್ತೂ ಆಗುವುದಿಲ್ಲ. ಎದ್ದಾಗ ಒಂದು ಸಲ ಎಲ್ಲವನ್ನೂ ಒಳಗೆ ತೆಗೆದುಕೊಂಡಿರುತ್ತದೆ, ಅದರ ಮೇಲೇ ನಡೆಯುತ್ತಿರುತ್ತದೆ, ಮುಂದಿನ ಸಲ ನಿಲ್ಲಿಸಿ ಎಬ್ಬಿಸುವವರೆಗೆ. ಏನೂ ಆಗಿಲ್ಲವೆನ್ನುವ ಹಾಗೆ.

ಏನೂ ಆಗಲಿಲ್ಲ. ಎಲ್ಲರೂ ಮನೆಗೆ ಹೋದೆವು.

ಮಾರ್ಚ್ ೧೧, ಸೋಮವಾರ, ಮಧ್ಯಾಹ್ನ

ಎಡವಟ್ಟು. ನಿನ್ನೆ ಭಾನುವಾರ ಯಂತ್ರಗಳನ್ನು ನಿಲ್ಲಿಸಿ ಎಬ್ಬಿಸಿದ್ದಾರೆ. ಬೆಳಿಗ್ಗೆ ಬಾಗಿಲು ತೆಗೆದರೆ ಯಾವ ಕೌಂಟರಿನಲ್ಲೂ ವಿಳಾಸ ಬದಲಾವಣೆ ತೆರೆಯುತ್ತಿಲ್ಲ. ಮನೆ ಬದಲಿಸಿದವರೆಲ್ಲ ಇವತ್ತೇ ಬಂದ ಹಾಗಿತ್ತು. ಫೋನುಗಳು ಒಂದರ ಮೇಲೊಂದು.

"ಸರ್, ಯಾರಿಗೂ ಬೇಡ ಅಂದಿದ್ರಲ್ಲ!"

"ಮೇನ್ ಸಿಸ್ಟಮಿಗೆ ಬೇಡವಾಗಿತ್ತು."

"ಕೌಂಟರ್ ಸಿಸ್ಟಮ್‌ಗೆ? ಅದು ನೋಡಿದ್ರಾ?"

ನೋಡಿರಲಿಲ್ಲ. ಬ್ಯಾಕಪ್ಪಿನಿಂದ ಗ್ರೂಪು ವಾಪಸ್ ತಂದೆವು. ಈ ಸಲ ಗ್ರೂಪಿನ ಮೇಲೇ ಒತ್ತಿ ಮ್ಯಾಪ್ ತೆರೆದೆ. ಅಲ್ಲೇ ಇತ್ತು ಗೆರೆ. ನೆಟ್ಟಗೆ ಕೌಂಟರ್ ಸಿಸ್ಟಮಿಗೆ ಹೋಗಿತ್ತು. ಎಲ್ಲಿ ಒತ್ತುತ್ತೇವೋ ಮ್ಯಾಪ್ ಅಲ್ಲಿಂದ ಹೊರಡುತ್ತದೆ. ನಾನು ದೊಡ್ಡ ಯಂತ್ರದ ಕಡೆಯಿಂದ ನೋಡಿ, ಕಾಣದ್ದನ್ನು ಇಲ್ಲ ಅಂದುಕೊಂಡೆ. ಬೇಕೋ ಬೇಡವೋ ಅಂತ ಆ ಗ್ರೂಪಿನಿಂದ ಹೊರಟು ನೋಡಲೇ ಇಲ್ಲ.

ಊಟದ ಹೊತ್ತಿಗೆ ಕೌಂಟರುಗಳು ಸರಿಯಾದವು. ಮೇಡಂ ಬೈದರು. ಬೈದು ಮುಗಿಸಿ, "ನನ್ನ ಪಾಲೂ ಇದೆ ಬಿಡಿ, ನಾನೇ ಗಡಿಬಿಡಿ ಮಾಡ್ದೆ" ಅಂತ ನನ್ನ ಮುಖ ನೋಡಿದರು, ನಗುತ್ತೇನೋ ಅಂತ. ನಗುವ ಧೈರ್ಯ ಬರಲಿಲ್ಲ.

ಮಾರ್ಚ್ ೧೨, ಮಂಗಳವಾರ

ಆಫೀಸಿನಿಂದ ಬಂದವನು ಚಪ್ಪಲಿಯನ್ನೂ ಬಿಡದೆ ಕೇಳಿಬಿಟ್ಟೆ. ಬಿಟ್ಟು ಕೂತರೆ ಕೇಳುವುದಿಲ್ಲ ಅಂತ ಗೊತ್ತು.

"ಅತ್ತೆ, ನಿಮಗೆ ಹೋಗಬೇಕು ಅಂತ ಇದೆಯಾ?"

"ಈಗ ಕೇಳ್ತಿದ್ದೀರಾ?"

"ಈಗ ಹೊಳೀತು."

"ಅವನು ಕೇಳ್ದಾಗ ಬಾಯಲ್ಲಿ ಏನಿತ್ತು? ಆಗಲಿ ಅಂದ್ರಿ. ನಾನೇನು ಕಿವುಡಿ ಅಲ್ಲ. ಸರಿ, ಅಳಿಯಂದ್ರಿಗೆ ಸಾಕಾಗಿದೆ ಅಂದ್ಕೊಂಡೆ."

"ಮಗ ಕರೀತಿದ್ದಾನೆ, ನಾನು ಅಡ್ಡ ಬರಬಾರದು ಅಂತ..."

"ಬರಬೇಕಿತ್ತು ಅಡ್ಡ."

ಚಪ್ಪಲಿ ಬಿಟ್ಟು ಬಂದು ಎದುರು ಕೂತೆ.

"ಅಲ್ಲಿ ಎಲ್ಲಾ ಇದೆ" ಅಂದರು. "ಸೊಸೆ ಚಿನ್ನದಂಥವಳು. ಒಂದು ತಪ್ಪು ಮಾಡಲ್ಲ, ನಾನು ಯಾರನ್ನ ಬೈಲಿ? ಇಲ್ಲಿ ಮಗಳ ವಿಷಯ ಅರ್ಧ ಮಾತಾಡಿದ್ರೆ ಇನ್ನರ್ಧ ನಿಮಗೆ ಗೊತ್ತಿರತ್ತೆ. ಅಲ್ಲಿ ಮೊದಲಿಂದ ಹೇಳ್ಬೇಕು. ಅಷ್ಟು ಉಸಿರಿಲ್ಲ ನನಗೆ."

"ಹಾಗಾದ್ರೆ ಅವನಿಗೆ ಹೇಳಿಬಿಡಿ, ಬರಲ್ಲ ಅಂತ."

"ಚೆನ್ನಾಗಿದೆ! ಹೆತ್ತ ಮಗನಿಗೆ ನಿನ್ನ ಮನೆ ಬೇಡ ಅಂತ ನಾನು ಹೇಳ್ಲಾ? ಅದು ನನ್ನ ಬಾಯಿಂದ ಬರಲ್ಲ. ನಿಮಗೆ ಬೇಕಿದ್ರೆ ನೀವು ಹೇಳಿ. ಇಲ್ದಿದ್ರೆ ಸುಮ್ಮನೆ ಕಾರು ಹತ್ತುತೀನಿ."

ಹೇಳಬೇಕಾದವನು ನಾನು. ಮದುವೆಯಾದಾಗಿನಿಂದ ಆ ಮನೆಯವರಿಗೆ ಒಂದು ಮಾತು ಇಲ್ಲ ಅಂದವನಲ್ಲ. ಆಗಲಿ, ಆಗಲಿ. ಇಂಗ್ಲಿಷಿನಲ್ಲಿ ಏನು ಇದಕ್ಕೆ? ಸೋ ಬಿ ಇಟ್. ಅಲ್ಲಿ ಒಂದು ‘ಇಟ್’ ಆದರೂ ಇದೆ. ನಮ್ಮ ‘ಆಗಲಿ’ಯಲ್ಲಿ ಸಬ್ಜೆಕ್ಟ್ ಎಲ್ಲಿ? ಮೇಷ್ಟ್ರಾದರೆ ಅಂಡರ್‌ಸ್ಟುಡ್ ಅನ್ನುತ್ತಿದ್ದರು. ಯಾರಿಗೆ ಬೇಕು, ಯಾರಿಗೆ ಬೇಡ, ಒಂದೂ ಇಲ್ಲದ ವಾಕ್ಯ.

ಮಾರ್ಚ್ ೧೫, ಶುಕ್ರವಾರ

ಬಾಮೈದನಿಗೆ ಫೋನು ಮಾಡಿದೆ. ಸೆಕೆ ಜಾಸ್ತಿಯಾಗಿದೆ ಅಂತ ಮಾತಾಡಿ ಇಟ್ಟುಬಿಟ್ಟೆ. ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದು.

ಮಾರ್ಚ್ ೧೭, ಭಾನುವಾರ, ಸಂಜೆ

ಬಾಮೈದ ಬಂದ. ಚಹಾ ಕುಡಿದ. ಟೈರು, ರಸ್ತೆ, ಮಕ್ಕಳ ಪರೀಕ್ಷೆ ಎಲ್ಲ ಆಯಿತು. ಎದ್ದು ಒಳಗೆ ಹೋಗಿ ಮಂಚದ ಕೆಳಗಿದ್ದ ಅತ್ತೆಯ ಪೆಟ್ಟಿಗೆ ಎತ್ತಿಕೊಂಡು ಬಂದ. ಆಗ ಬಾಯಿ ಬಿಟ್ಟೆ.

"ಅತ್ತೆ ಇಲ್ಲೇ ಇರಲಿ."

"ಏನು ಭಾವ, ಆಗಲಿ ಅಂದಿದ್ರಿ?"

"ಯೋಚನೆ ಮಾಡದೆ ಅಂದೆ. ತಪ್ಪಾಯ್ತು."

"ನೋಡಿದವರು ಏನಂತಾರೆ? ಮಗ ಇದ್ದೂ ಅಳಿಯನ ಮನೇಲಿ... ಅದೂ ಅಕ್ಕನೇ ಇಲ್ಲದ ಮನೇಲಿ. ಯಾವ ಸಂಬಂಧ ಅಂತ ಇಟ್ಕೋತೀರಿ?"

ಇದಕ್ಕೆ ಉತ್ತರ ತಯಾರು ಮಾಡಿಕೊಂಡಿದ್ದೆ. ಚೆನ್ನಾಗಿಯೇ ಇತ್ತು. ಒಂದಕ್ಷರ ನೆನಪಾಗಲಿಲ್ಲ.

"ನನಗೆ ಬೇಕು ಅವರು" ಅಂದೆ.

ಅವನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟ. "ನನಗೂ ಬೇಕಲ್ಲ ಭಾವ."

ಅದೂ ನಿಜ. ಅವನು ಅತ್ತೆಯ ಕಡೆ ತಿರುಗಿದ.

"ಅಮ್ಮಾ, ನೀನೇನಂತೀಯ?"

"ನಾನೇನನ್ಲಿ? ಅಳಿಯಂದ್ರು ಇಷ್ಟು ಹಟ ಹಿಡಿದ್ರೆ! ರಜೇಲಿ ಬಂದು ತಿಂಗಳು ಪೂರ್ತಿ ಇರ್ತೀನಿ ನಿನ್ನ ಹತ್ರ. ಈಗ ಏಳು, ಊಟ ಮಾಡು."

ಎಲ್ಲ ನನ್ನ ತಲೆಗೆ ಕಟ್ಟಿದರು. ಕಟ್ಟಲಿ. ಅವನು ಉಂಡ, ಸರಿಯಾಗಿ ಉಣ್ಣಲಿಲ್ಲ. ಹೊರಡುವಾಗ ನನ್ನ ಕೈ ಹಿಡಿದ, ಬಿಟ್ಟ. ಕಾರು ತಿರುವು ದಾಟುವವರೆಗೂ ಅತ್ತೆ ಗೇಟಿನಲ್ಲೇ ಇದ್ದರು. ಒಳಗೆ ಬಂದಾಗ ಮೂಗು ಕೆಂಪಗಿತ್ತು.

ಪೆಟ್ಟಿಗೆ ಒಳಗಿಟ್ಟೆ. ಭಾರ. "ಹೋಗಲ್ಲ ಅಂತ ಇದ್ರೂ ಯಾಕೆ ಪ್ಯಾಕ್ ಮಾಡಿದ್ರಿ?" ಅಂದೆ.

"ಪ್ಯಾಕ್ ಮಾಡೋದೇನು ಬಂತು? ಬಂದಾಗಿಂದ ಬಟ್ಟೆ ಅದರಲ್ಲೇ ಇದೆ. ಎಲ್ಲಿ ಇಡ್ಲಿ?"

ಬಂದಾಗಿನಿಂದ. ದಿನಾ ಬಗ್ಗಿ ಮಂಚದ ಕೆಳಗಿನಿಂದ ಎಳೆದು ತೆಗೆಯುತ್ತಿದ್ದರು. ನಾನು ಈ ಮನೆಯಲ್ಲೇ ಇದ್ದೆ.

ಕಪಾಟು ತೆರೆದಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ಇವಳ ಬಟ್ಟೆಗಳು ಮಡಿಸಿಟ್ಟ ಹಾಗೇ ಇವೆ. ಒಂದು ಶೆಲ್ಫು ಖಾಲಿಯಾದರೆ ಸಾಕು. ಮೇಲಿನದೋ ನಡುವಿನದೋ... ನಡುವಿನದೇ ಸರಿ, ಅತ್ತೆಗೆ ಬಗ್ಗದೆ ಎಟುಕಬೇಕು. ಮಂಚದ ಮೇಲೆ ಕೂತು ಕಾಯುತ್ತಿದ್ದಾರೆ, ಬೇಗ ಬನ್ನಿ ಅಂತ ಅನ್ನುತ್ತಿಲ್ಲ. ಇವಳ ಹಸಿರು ಶಾಲು ಒಂದನ್ನು ಮಾತ್ರ ನಾನು ಇಟ್ಟುಕೊಳ್ಳುತ್ತೇನೆ.